ಕಾಫಿಹೊಟ್ಟಿನ ಗುಂಡಿ

ನಮ್ಮ ಭಾವ ಷಡಕ್ಷರಿಯವರ ಮೀಸೆ ಹೋದದ್ದಕ್ಕೆ ಜಾವಳಿಯ ಜನ ಇವತ್ತಿಗೂ ನನ್ನನ್ನೇ ದೂರುತ್ತಾರೆ. ಕಾಫಿಹೊಟ್ಟನ್ನು ಯಾರೂ ದೂರುವುದಿಲ್ಲ. ಬೆಲ್ಲವನ್ನು ದೂರುವುದಿಲ್ಲ. ದೊರೆಯ ನಾಯಿಯನ್ನಂತೂ ಕೇಳುವ ಹಾಗೇ ಇಲ್ಲ. ನಾನು ಮಾಡಿದ ಮಹಾಪರಾಧವಾದರೂ ಏನು? ಅಂಗಡಿಯಲ್ಲಿ ಕೂತು ಒಂದು ಹಳೆಯ ಪತ್ರಿಕೆಯ ಹಾಳೆಯನ್ನು ಎರಡಾಗಿ ಹರಿದೆ. ದಿನಸಿ ಅಂಗಡಿ ಇಟ್ಟವನು ಪತ್ರಿಕೆಯನ್ನು ಹರಿಯದೆ ಓದುತ್ತಾ ಕೂತರೆ ಮೆಣಸಿನಕಾಯಿ ಕಟ್ಟಿಕೊಡುವವರು ಯಾರು?

ಇರಲಿ. ನಡೆದದ್ದನ್ನು ನಡೆದ ಹಾಗೇ ಹೇಳಿಬಿಡುತ್ತೇನೆ. ಆಮೇಲೆ ನೀವೂ ಬೇಕಾದರೆ ದೂರಿ.

ಭಾವ ಎಂದರೆ ನಮ್ಮ ಗಿರಿಜಕ್ಕನ ಗಂಡ. ನನ್ನ ಅಂಗಡಿಗೆ ಹೊಂದಿಕೊಂಡೇ ಅವರ ದರ್ಜಿ ಅಂಗಡಿ. ನಡುವೆ ಒಂದೇ ಹಲಗೆಯ ಗೋಡೆ; ಅವರು ಕೆಮ್ಮಿದರೆ ನನ್ನ ತಕ್ಕಡಿ ಅಲ್ಲಾಡುತ್ತದೆ. ಭಾವನ ಮೀಸೆ ಸಾಮಾನ್ಯದ್ದಲ್ಲ. ಆ ಮೀಸೆಯನ್ನು ನೋಡಿಯೇ ನಮ್ಮಪ್ಪ ಹೆಣ್ಣು ಕೊಟ್ಟದ್ದು. "ಹುಡುಗನಿಗೆ ಏನಿದೆ?" ಎಂದು ಅಮ್ಮ ಕೇಳಿದಾಗ ಅಪ್ಪ ಎರಡು ಕೈಗಳನ್ನೂ ಮೂಗಿನ ಕೆಳಗಿಂದ ಕಿವಿಯವರೆಗೆ ಎಳೆದು ತೋರಿಸಿದರಂತೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ಅಕ್ಕ ಗಂಡನ ಮೇಲ್ತುಟಿಯನ್ನು ಕಂಡವಳಲ್ಲ. ಮಳೆಯಲ್ಲಿ ಹೊರಟರೆ ಭಾವ ಕೊಡೆಯನ್ನು ತಲೆಯ ಮೇಲಲ್ಲ, ಮುಖದ ಮುಂದೆ ಹಿಡಿಯುತ್ತಿದ್ದರು. ತಲೆ ನೆನೆದರೆ ಒರೆಸಿಕೊಳ್ಳಬಹುದು, ಮೀಸೆ ನೆನೆದರೆ ಮರ್ಯಾದೆ ಉಳಿಯುತ್ತದೆಯೇ!

ಒಂದು ಕೋಟು ಮುಗಿಯಿತೆಂದರೆ ಅವರದೊಂದು ಪದ್ಧತಿಯಿತ್ತು. ಕೊನೆಯ ಗುಂಡಿ ಹೊಲಿದ ಮೇಲೆ, ಕತ್ತರಿ ತೊಡೆಯ ಮೇಲೇ ಬಿದ್ದಿದ್ದರೂ, ದಾರವನ್ನು ಬಾಗಿ ಹಲ್ಲಿನಿಂದಲೇ ಕಡಿಯಬೇಕು. ಕಡಿದ ಮೇಲೆ ಮೀಸೆಯನ್ನು ಬಲಕ್ಕೊಂದು ಸಲ, ಎಡಕ್ಕೊಂದು ಸಲ ತಿರುವಬೇಕು. ಅದಾಗದೆ ಕೋಟು ಅಂಗಡಿ ಬಿಟ್ಟು ಹೋಗುವಂತಿಲ್ಲ.

ಯುದ್ಧ ಬಂತು. ಎಲ್ಲೋ ಸಮುದ್ರದಾಚೆ ಜಪಾನಿನವರು ಯುದ್ಧಕ್ಕಿಳಿದರೆ ಜಾವಳಿಯಲ್ಲಿ ಕೋಟಿನ ಗುಂಡಿ ಮಾಯವಾಯಿತು. ಚಿಕ್ಕಮಗಳೂರಿನ ಪೇಟೆಯಲ್ಲೆಲ್ಲ ಹುಡುಕಿದರೂ ಒಂದು ಡಜನ್ ಗುಂಡಿ ಸಿಕ್ಕಲಿಲ್ಲ. ಭಾವ ಹಲಸಿನ ಚಕ್ಕೆಯಲ್ಲೇ ಗುಂಡಿ ಕೆತ್ತಿ ಹೊಲಿದರು. ಬೇಸಿಗೆಯಲ್ಲಿ ಅವು ಚೆನ್ನಾಗಿಯೇ ಇದ್ದವು. ಮಳೆ ಹಿಡಿದದ್ದೇ ತಡ, ಉಬ್ಬಿ ಒಡೆದು ಒಂದೊಂದಾಗಿ ಉದುರತೊಡಗಿದವು.

ಬೆಳ್ಳಿಯಪ್ಪ ಮೇಸ್ತ್ರಿಯ ಗುಂಡಿ ಉದುರಿದ್ದು ಎಲ್ಲಿ ಅಂತೀರಿ? ಕಾಫಿ ಎಸ್ಟೇಟಿನ ಬಿಳಿಯ ದೊರೆಯ ಬಂಗಲೆಯ ಜಗಲಿಯಲ್ಲಿ. ಎಸ್ಟೇಟಿನ ಆಳುಗಳನ್ನೆಲ್ಲ ನಡುಗಿಸುವ ಮೇಸ್ತ್ರಿ, ಎದೆಯುಬ್ಬಿಸಿ ಸಲಾಮು ಹೊಡೆದ. ಎದೆ ಉಬ್ಬಿತು, ಗುಂಡಿ ಹಾರಿತು, ಕೆಳಗೆ ಬಾಯಿ ತೆರೆದು ಕೂತಿದ್ದ ದೊರೆಯ ನಾಯಿ ಅದನ್ನು ನುಂಗಿತು. ದೊರೆಗೆ ಆ ನಾಯಿಯೆಂದರೆ ಪ್ರಾಣ. ಗುಂಡಿ ಹೊರಗೆ ಬರುವವರೆಗೆ ನಾಯಿಯ ಹಿಂದೆಯೇ ಇರಬೇಕೆಂದು ಮೇಸ್ತ್ರಿಗೆ ಅಪ್ಪಣೆಯಾಯಿತು.

ಮುಂದಿನ ಸಂತೆಯ ದಿನ ಬೆಳ್ಳಿಯಪ್ಪ ಆ ಗುಂಡಿಯನ್ನು ಎಲೆಯಲ್ಲಿ ಸುತ್ತಿಕೊಂಡು ಬಂದು ಭಾವನ ಹೊಲಿಗೆ ಯಂತ್ರದ ಮೇಲಿಟ್ಟ.

"ಮೂರು ದಿನ ಮಾರಾಯ! ಮೂರು ದಿನ ಆ ನಾಯಿ ಹಿಂದೆ ತಿರುಗಿದೀನಿ. ಅದು ಕೂತ್ರೆ ನಾನು ಕೂತೆ, ಅದು ಎದ್ರೆ ನಾನು ಎದ್ದೆ. ಆಳುಗಳೆಲ್ಲ ನಾಯಿಗೂ ನನಗೂ ಜೋಡಿ ಸಲಾಮು ಹೊಡೀತಾರೆ. ನಿನ್ನ ಮೀಸೆ ನೋಡಿ ಕೋಟು ಹೊಲಿಸಿದ್ನಲ್ಲ, ನನಗೆ ಬುದ್ಧಿ ಇಲ್ಲ!"

ಮೀಸೆಯ ಮಾತು ಬಂದದ್ದೇ ತಪ್ಪಾಯಿತು. ಭಾವ ಎದ್ದು ನಿಂತರು. ಸಂತೆಗೆ ಸಂತೆಯೇ ಇತ್ತ ತಿರುಗಿತು.

"ಬೆಳ್ಳಿಯಪ್ಪ, ಕೇಳು. ಊರಿನವರೂ ಕೇಳಿ. ಇನ್ನು ಮುಂದೆ ಈ ಷಡಕ್ಷರಿ ಹೊಲಿದ ಕೋಟಿಂದ ಒಂದು ಗುಂಡಿ, ಒಂದೇ ಒಂದು ಗುಂಡಿ ಉದುರಿದ್ರೆ, ಇದೇ ಜಾಗದಲ್ಲಿ ಕೂತು ಈ ಮೀಸೆ ಬೋಳಿಸ್ಕೊಳ್ತೀನಿ!"

ಎದುರಿನ ಕಟ್ಟೆಯಲ್ಲಿ ಕ್ಷೌರದ ಪೆಟ್ಟಿಗೆ ಇಟ್ಟುಕೊಂಡಿದ್ದ ಗುರುವಯ್ಯ ತಲೆಯೆತ್ತಿ ನೋಡಿದ. ಮೀಸೆಯನ್ನು ಅಳೆಯುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ. ಅಕ್ಕ ಒಳಗಿನಿಂದ ಓಡಿ ಬಂದಳು.

"ಏನ್ರೀ ಇದು! ನಾನು ಗಟ್ಟಿಯಾಗಿರೋವಾಗ್ಲೇ ಬೋಳಿಸ್ತೀನಿ ಅಂತೀರಲ್ಲ, ಕಂಡೋರು ಯಾರು ಹೋದ್ರು ಅಂತ ಕೇಳಲ್ವಾ?"

"ಗುಂಡಿ ಉದುರಿದ್ರೆ ತಾನೇ?" ಎಂದರು ಭಾವ. ಅಂದ ಮೇಲೆ ಅವರ ಮುಖ ಸ್ವಲ್ಪ ಬಿಳಿಚಿಕೊಂಡಿತು. ಹಲಸಿನ ಗುಂಡಿಯ ಕೋಟುಗಳು ಊರಲ್ಲಿ ಇನ್ನೂ ಹನ್ನೊಂದು ಇದ್ದವು. ಅವತ್ತೇ ಮನೆಮನೆಗೆ ಹೋಗಿ ಅಷ್ಟೂ ಗುಂಡಿಗಳನ್ನು ತಾವೇ ಬಿಚ್ಚಿಕೊಂಡು ಬಂದರು. ಬಿಚ್ಚಿದ್ದು ಉದುರಿದ ಲೆಕ್ಕವಲ್ಲವಂತೆ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ನಮ್ಮ ಜಗಲಿಯಲ್ಲಿ ಎಲೆಅಡಿಕೆ ಮಾರುವ ಪಾಪಮ್ಮನಿಗೆ ಹೊಗೆಸೊಪ್ಪು ಕಟ್ಟಿಕೊಡಲು ಒಂದು ಹಾಳೆ ಹರಿದೆ. ಕೈಯಲ್ಲಿ ಉಳಿದ ಅರ್ಧವನ್ನು ಭಾವ ಕಸಿದುಕೊಂಡು ಓದಿದರು. ಪರದೇಶದಲ್ಲಿ ಮರದ ಹೊಟ್ಟನ್ನೂ ಹತ್ತಿಯ ಕಸವನ್ನೂ ಅಂಟಿನಲ್ಲಿ ಕಲಸಿ, ಒತ್ತಿ, ಕಲ್ಲಿನಂಥ ಸಾಮಾನು ಮಾಡುತ್ತಾರಂತೆ. ಬರಿಯ ಅಂಟು ಗಾಜಿನಂತೆ ಒಡೆಯುತ್ತದೆ, ಕಸ ಕಲಸಿದರೆ ಗಟ್ಟಿಯಾಗುತ್ತದೆ. ನಮ್ಮ ಅರಗಿನಲ್ಲೂ ಇದನ್ನು ಮಾಡಿ ನೋಡಬಹುದು. "ಆದರೆ ಒಂದು ಎಚ್ಚರಿಕೆ" ಎನ್ನುವಲ್ಲಿಗೆ ಹಾಳೆ ಮುಗಿದಿತ್ತು. ಎಚ್ಚರಿಕೆ ಪಾಪಮ್ಮನ ಸೊಂಟದ ಚೀಲದಲ್ಲಿ ಹೊಗೆಸೊಪ್ಪು ಸುತ್ತಿಕೊಂಡು ಕೂತಿತ್ತು.

"ಭಾವ, ಇನ್ನರ್ಧ ತರಿಸ್ಲಾ?" ಎಂದು ನಾನು ಕೇಳಿದ್ದು ನಿಜ. ಇದನ್ನು ಮಾತ್ರ ಊರಿನವರು ನೆನಪಿಡುವುದಿಲ್ಲ.

"ಎಚ್ಚರಿಕೆ ಹೆದರೋರಿಗೆ ಕಣೋ ರೇವಣ್ಣ" ಎಂದರು ಭಾವ.

ಅಲ್ಲಿಂದ ಮುಂದೆ ಹದಿನೈದು ದಿನ ನಮ್ಮ ಸಾಲಿನಲ್ಲಿ ಯಾರಿಗೂ ನೆಮ್ಮದಿಯಿಲ್ಲ. ನನ್ನ ಅಂಗಡಿಯ ಅರಗೆಲ್ಲ ಆ ಕಡೆ ಹೋಯಿತು. ಕಾಡಿನ ಧೂಪದ ಮರದ ಮಡ್ಡಿ ಬುಟ್ಟಿಗಟ್ಟಲೆ ಬಂತು. ಬರಿಯ ಅರಗಿನ ಗುಂಡಿ ಕನ್ನಡಿಯಂತೆ ಹೊಳೆಯಿತು, ದಾರ ಬಿಗಿದದ್ದೇ ಹಪ್ಪಳದಂತೆ ಮುರಿಯಿತು. ಭತ್ತದ ಉಮಿ ಕಲಸಿದರು, ಮೂಲೆ ಉದುರಿತು. ಏಲಕ್ಕಿ ಸಿಪ್ಪೆ ಕಲಸಿದರು, ಘಮಘಮಿಸುತ್ತಾ ಮುರಿಯಿತು. ಕೊನೆಗೆ ಬೆಳ್ಳಿಯಪ್ಪನ ಎಸ್ಟೇಟಿನ ಕಣದ ಹಿಂದೆ ಗುಡ್ಡೆ ಬಿದ್ದಿದ್ದ ಕಾಫಿಹೊಟ್ಟನ್ನು ಹೊತ್ತು ತಂದರು. ಕಾಯಿ ಒಡೆದು ಬೀಜ ತೆಗೆದ ಮೇಲೆ ಗಿಡದ ಬುಡಕ್ಕೆ ಚೆಲ್ಲುವ ಹೊಟ್ಟು ಅದು, ಯಾರೂ ಬೇಡವೆನ್ನಲಿಲ್ಲ. ಅಕ್ಕನ ಒರಳಿನಲ್ಲಿ ಕುಟ್ಟಿ, ಅಕ್ಕನ ಜರಡಿಯಲ್ಲಿ ಹಿಡಿದು, ಅಕ್ಕನ ಬಾಣಲೆಯಲ್ಲಿ ಅರಗಿನ ಜೊತೆ ಕಾಯಿಸಿದರು. ಅಕ್ಕ ಮೂರು ದಿನ ಅಡಿಗೆಯನ್ನು ನನ್ನ ಮನೆಯಲ್ಲೇ ಮಾಡಿದಳು.

"ಒಂದು ಹಿಡಿ ಬೆಲ್ಲ ತಾ" ಎಂದರು ಭಾವ.

"ಗುಂಡಿಗೆ ಬೆಲ್ಲ ಯಾಕ್ರೀ? ತಿನ್ನೋಕಾ?" ಎಂದಳು ಅಕ್ಕ.

"ಸೇತುವೆ ಕಟ್ಟೋ ಗಾರೆಗೆ ಬೆಲ್ಲ ಹಾಕಲ್ವಾ? ನೂರು ವರ್ಷ ನಿಲ್ಲಲ್ವಾ? ನನ್ನ ಗುಂಡಿ ಯಾವ ಸೇತುವೆಗೆ ಕಮ್ಮಿ?"

ಕೋಡುಬಳೆಯ ಹಿಟ್ಟಿನಂತೆ ಹೊಸೆದು, ಅಡಕತ್ತರಿಯಲ್ಲಿ ತುಂಡು ಮಾಡಿ, ಒತ್ತಿ, ಸೂಜಿಯಿಂದ ತೂತು ಹಾಕಿದರು. ತಣ್ಣಗಾದ ಮೇಲೆ ಬೆಳ್ಳಿಯಪ್ಪನನ್ನೇ ಕರೆಸಿ ಅವನ ಕೈಗೆ ಸುತ್ತಿಗೆ ಕೊಟ್ಟರು. ಮೇಸ್ತ್ರಿ ನಾಯಿಯ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಬಡಿದ. ಸುತ್ತಿಗೆಯ ಹಿಡಿ ಮುರಿಯಿತು. ಗುಂಡಿ ಹಾಗೇ ಇತ್ತು, ಬೇಕಾದರೆ ಇನ್ನೊಂದು ಕೊಡು ಎನ್ನುವ ಹಾಗೆ.

ಸುಳ್ಳು ಹೇಳಬಾರದು, ನನಗೂ ಹೆಮ್ಮೆಯಾಯಿತು. ಕಾಫಿಬೀಜ ಸೀಮೆಗೆ ಹೋಗುತ್ತದೆ, ಹೊಟ್ಟು ಇಲ್ಲೇ ಕೊಳೆಯುತ್ತದೆ. ಆ ಹೊಟ್ಟಿಗೆ ಕೋಟಿನ ಎದೆಯ ಮೇಲೆ ಕೂರುವ ಯೋಗ ತಂದವರು ನಮ್ಮ ಭಾವ. ತಿಂಗಳೊಳಗೆ ಊರಿನ ಕೋಟುಗಳೆಲ್ಲ ಹೊಟ್ಟಿನ ಗುಂಡಿ ಧರಿಸಿದವು. ಬೆಳ್ಳಿಯಪ್ಪ ಮಾತ್ರ ಸುಮ್ಮನಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಜಗಲಿಯಲ್ಲಿ ಕೂತು, ದಾರಿಯಲ್ಲಿ ಹೋಗುವವರ ಗುಂಡಿಗಳನ್ನು ಎಣಿಸುತ್ತಿದ್ದ. ಗುರುವಯ್ಯ ದಿನಾ ಕತ್ತಿ ಮಸೆಯುತ್ತಿದ್ದ. ಕತ್ತಿಯ ಸಪ್ಪಳ ಕೇಳಿದಾಗೆಲ್ಲ ಭಾವನ ಕೈ ಮೂಗಿನ ಕೆಳಗೆ ಹೋಗುತ್ತಿತ್ತು. ಮುರಿದದ್ದು ಒಂದೂ ಇಲ್ಲ, ಉದುರಿದ್ದು ಒಂದೂ ಇಲ್ಲ.

ಹೀಗಿರುವಾಗ ಜಮಾಬಂದಿ ಬಂತು. ಕಂದಾಯದ ತನಿಖೆಗೆ ಮೂಡಿಗೆರೆಯಿಂದ ಅಮಲ್ದಾರರು ಬರುವುದು ನಿಶ್ಚಯವಾಯಿತು. ನಮ್ಮ ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕ್ದಾರರು ಓಂಕಾರಮೂರ್ತಿಯವರು. ಹೊಟ್ಟೆ ಮೊದಲು ಬಂದು, ಆಮೇಲೆ ಅವರು ಬರುವಂಥ ಆಳು. ಅವರಿಗೆ ಭಾವ ಐದು ಗುಂಡಿಯ ಹೊಸ ಕೋಟು ಹೊಲಿದುಕೊಟ್ಟಿದ್ದರು. ಬಟ್ಟೆಗೆ ಕಂಟ್ರೋಲು ಇದ್ದ ಕಾಲ, ಆ ಬಟ್ಟೆಗಾಗಿ ಶೇಕ್ದಾರರು ಆರು ತಿಂಗಳು ಕಾದಿದ್ದರು.

ಅಮಲ್ದಾರರು ಬರುವ ದಿನ ಹತ್ತು ಗಂಟೆಗೆ ಶೇಕ್ದಾರರು ಆ ಕೋಟಿನಲ್ಲೇ ಮಳೆಗೆ ತೊಯ್ದು ತೊಪ್ಪೆಯಾಗಿ ನಮ್ಮ ಜಗಲಿ ಹತ್ತಿದರು. ಕೊಡೆ ಗಾಳಿಗೆ ಮೇಲ್ಮುಖವಾಗಿ ಮಗುಚಿ ನೀರು ತುಂಬಿಕೊಂಡಿತ್ತು.

"ಷಡಕ್ಷರಿ, ಹನ್ನೊಂದಕ್ಕೆ ಸಾಹೇಬರ ಕಾರು ಬರುತ್ತೆ. ಬೇಗ ಒಣಗಿಸಿ ಇಸ್ತ್ರಿ ಹಾಕು, ಬೇಗ!"

"ಬಿಚ್ಚಿಕೊಡಿ ಸ್ವಾಮಿ, ಅರ್ಧ ಗಳಿಗೆ."

ಶೇಕ್ದಾರರು ಸುತ್ತ ನೋಡಿದರು. ಬೆಳ್ಳಿಯಪ್ಪ ಇದ್ದ, ಪಾಪಮ್ಮ ಇದ್ದಳು, ನಾನಿದ್ದೆ, ಬಾಗಿಲಲ್ಲಿ ಅಕ್ಕ ಇದ್ದಳು. ಅವರು ಭಾವನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು. ಕಂದಾಯ ಕೂಗಿ ಕೂಗಿ ಅಭ್ಯಾಸವಾದ ಗಂಟಲು, ಆ ಪಿಸುಮಾತು ಊರಾಚೆಯ ಸೇತುವೆಯವರೆಗೆ ಕೇಳಿಸಿತು. "ಒಳಗೆ ಬನೀನು ಹರಿದಿದೆ."

"ಎಲ್ಲಿ ಹರಿದಿದೆಯಂತೆ?" ಎಂದಳು ಪಾಪಮ್ಮ.

ಭಾವ ಧೈರ್ಯಗೆಡುವವರಲ್ಲ. "ಹಾಗಾದ್ರೆ ಮೈಮೇಲೇ ಹಾಕಿಬಿಡ್ತೀನಿ" ಎಂದರು. ಅಕ್ಕನ ಲಟ್ಟಿಸುವ ಮಣೆಯನ್ನು ತರಿಸಿ, ಹೊಟ್ಟೆ ಸುಡದಿರಲೆಂದು ಕೋಟಿನೊಳಗೆ ಕೆಳಗಿನಿಂದ ತೂರಿಸಿದರು. ಶೇಕ್ದಾರರ ಗುಂಡು ಹೊಟ್ಟೆ ಮುಂದೆ ಚಪ್ಪಟೆಯಾಯಿತು. ಇದ್ದಿಲು ಕೆಂಪಗೆ ಕಾದ ಇಸ್ತ್ರಿಪೆಟ್ಟಿಗೆ ಅದರ ಮೇಲೆ ಓಡತೊಡಗಿತು. ಹಬೆ ಎದ್ದಿತು.

ಆ ಚಳಿಯಲ್ಲಿ ಬೆಚ್ಚಗಾದರೆ ಯಾರಿಗೆ ಬೇಡ? ಶೇಕ್ದಾರರು ಹಲಗೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಹಿತವಾಗಿದೆ ಕಣಯ್ಯ. ಇನ್ನೊಂಚೂರು ಎಡಕ್ಕೆ. ಹಾಂ. ಅಲ್ಲೇ ಇನ್ನೊಂದು ಸಲ." ಭಾವ ಗುಂಡಿಗಳ ಮೇಲೆಯೇ ನಾಲ್ಕು ಸಲ ಎಳೆದರು. ಬೆಲ್ಲ ಕಾದ ಪರಿಮಳ ಬಂತು, ಹುರಿದ ಕಾಫಿಯ ಪರಿಮಳ ಬಂತು.

"ಯಾರ ಮನೇಲೋ ಪಾಯಸ ಮಾಡ್ತಿದಾರೆ" ಎಂದಳು ಪಾಪಮ್ಮ, ಮೂಗೆತ್ತಿ.

ಪಾಯಸದ ಸುದ್ದಿ ಪಾಪಮ್ಮನಿಗಿಂತ ಮೊದಲು ಇರುವೆಗಳಿಗೆ ತಲುಪಿತ್ತು. ಮಳೆಗೆ ಹೆದರಿ ಹಲಗೆಯ ಗೋಡೆಯಲ್ಲಿ ಸಂಸಾರ ಹೂಡಿದ್ದ ಕೆಂಪಿರುವೆಗಳು ಸಾಲುಗಟ್ಟಿ ಇಳಿದು, ಶೇಕ್ದಾರರ ಬೆನ್ನು ಹತ್ತಿ, ಕಾಲರಿನ ಮೂಲಕ ಒಳಗೆ ಹೊರಟವು.

"ಅಯ್ಯಯ್ಯಪ್ಪಾ!" ಶೇಕ್ದಾರರು ನೆಗೆದರು. "ಏನೋ ಕಚ್ತು! ಬಿಚ್ಚು! ಕೋಟು ಬಿಚ್ಚು! ಬನೀನು ಹಾಳಾಗಿ ಹೋಗ್ಲಿ!"

ಭಾವ ಗುಂಡಿಗೆ ಕೈ ಹಾಕಿದರು. ಗುಂಡಿ ಅಲ್ಲಾಡಲಿಲ್ಲ. ಕಾದ ಅರಗು ಮೆತ್ತಗಾಗಿ, ಗುಂಡಿ, ಕಾಜ, ಬಟ್ಟೆ, ಒಳಗಿನ ಮಣೆ ಎಲ್ಲವನ್ನೂ ಒಂದು ಮಾಡಿಕೊಂಡು ಕೂತಿತ್ತು. ಐದು ಕಡೆಯೂ ಮೊಹರು ಬಿದ್ದಿತ್ತು. ಶೇಕ್ದಾರರು ಕುಣಿದರು, ಕಂಬಕ್ಕೆ ಬೆನ್ನುಜ್ಜಿದರು, ನನ್ನ ಅಕ್ಕಿಮೂಟೆಯ ಮೇಲೆ ಉರುಳಿ ಎದ್ದರು. ಅವರು ನೆಗೆದಾಗೆಲ್ಲ ಬೆಳ್ಳಿಯಪ್ಪ ಕೆಳಗೆ ಬೊಗಸೆಯೊಡ್ಡಿ ಹಿಂದೆ ಹಿಂದೆಯೇ ಓಡಿದ.

"ಉದುರುತ್ತೆ, ಈಗ ಉದುರುತ್ತೆ!"

"ಕತ್ತರಿ ತಗೊಳ್ಳಿ ಭಾವ, ಕೋಟು ಕತ್ತರಿಸಿ!" ಎಂದೆ.

"ಕೋಟು ಮುಟ್ಟಿದ್ರೆ ನೋಡು!" ಶೇಕ್ದಾರರು ಉರುಳುತ್ತಲೇ ಗುಡುಗಿದರು. "ಆರು ತಿಂಗಳು ಕಾದಿದೀನಿ! ದಾರ ಕತ್ತರಿಸು, ಗುಂಡಿ ಕಿತ್ತುಹಾಕು!"

ಭಾವನ ಕೈ ಅಲ್ಲೇ ನಿಂತಿತು. ದಾರ ಕತ್ತರಿಸಿದರೆ ಗುಂಡಿ ಉದುರುತ್ತದೆ. ಹಿಂದೆ ಮನೆಮನೆಗೆ ಹೋಗಿ ಬಿಚ್ಚಿದ್ದು ಬೇರೆ, ಈಗ ಊರೆದುರು, ಬೆಳ್ಳಿಯಪ್ಪನ ಬೊಗಸೆಗೆ ಸರಿಯಾಗಿ ಉದುರುತ್ತದೆ. ಮಳೆಯನ್ನೂ ಲೆಕ್ಕಿಸದೆ ಜನ ಸೇರಿದ್ದರು. ಗುರುವಯ್ಯ ಪೆಟ್ಟಿಗೆ ಎತ್ತಿಕೊಂಡು ಈ ಕಡೆಯ ಜಗಲಿಗೇ ಬಂದು ಕೂತಿದ್ದ.

"ಬೇರೆ ಏನಾದ್ರೂ ದಾರಿ..." ಎಂದರು ಭಾವ.

"ನಿನ್ನ ಮೀಸೆ ದೊಡ್ಡದೋ, ಸರ್ಕಾರ ದೊಡ್ಡದೋ?"

ಈ ಪ್ರಶ್ನೆಗೆ ಉತ್ತರವನ್ನು ಭಾವ ನಿಜವಾಗಿಯೂ ಯೋಚಿಸಿದರು. ಸರ್ಕಾರ ಗೆಲ್ಲುವಂತೆ ನನಗೆ ಕಾಣಲಿಲ್ಲ. ಆಗ ಅಕ್ಕ ಮುಂದೆ ಬಂದಳು.

"ರೀ, ಸಾಕು. ಇರುವೆ ಕಚ್ಚಿ ಮನುಷ್ಯ ಬಾತುಹೋಗ್ತಿದಾರೆ. ಮೀಸೆ ಮತ್ತೆ ಬರುತ್ತೆ. ಕಡೀರಿ!"

ಭಾವ ಒಮ್ಮೆ ಅಕ್ಕನನ್ನು ನೋಡಿದರು, ಒಮ್ಮೆ ಗುರುವಯ್ಯನನ್ನು ನೋಡಿದರು. ಅವರ ಕಣ್ಣು ತುಂಬಿತ್ತು. ಮೀಸೆಯನ್ನು ಕೊನೆಯ ಸಲ ಬಲಕ್ಕೊಂದು, ಎಡಕ್ಕೊಂದು ತಿರುವಿ, ಶೇಕ್ದಾರರ ಮುಂದೆ ಮಂಡಿಯೂರಿದರು. ಕತ್ತರಿ ಬಲಗೈಯಲ್ಲೇ ಇತ್ತು. ಆದರೆ ಮೂವತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ? ಬಾಗಿ, ನಡುವಿನ ಗುಂಡಿಯ ದಾರಕ್ಕೆ ಹಲ್ಲು ಹಾಕಿದರು.

ಹಲ್ಲಿಗೆ ದಾರ ಸಿಕ್ಕಲೇ ಇಲ್ಲ. ಅಷ್ಟರಲ್ಲಿ ಮೀಸೆ ಗುಂಡಿಗೆ ಸಿಕ್ಕಿಬಿಟ್ಟಿತ್ತು.

"ಹ್ಮ್‌ಮ್!" ಎಂದರು ಭಾವ, ಶೇಕ್ದಾರರ ಹೊಟ್ಟೆಯಿಂದ.

"ಏ, ಮೇಲೇಳೋ!"

"ಹ್ಮ್‌ಮ್ ಹ್ಮ್!"

ಶೇಕ್ದಾರರು ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಭಾವ ಮಂಡಿಯ ಮೇಲೆ ಮುಂದಕ್ಕೆ ಒಂದು ಹೆಜ್ಜೆ. ಇರುವೆ ಕಚ್ಚಿ ಶೇಕ್ದಾರರು ಎಡಕ್ಕೆ ನೆಗೆದರೆ ಭಾವನೂ ಎಡಕ್ಕೆ. ಜನ ನಗುವುದೋ ಬಿಡುವುದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಪಾಪಮ್ಮ, "ಬಿಸಿಗೆ ಹಿಡಿದದ್ದು ತಣ್ಣೀರಿಗೆ ಬಿಡುತ್ತೆ" ಎಂದು, ಸೂರಿನ ಕೆಳಗೆ ತುಂಬಿದ್ದ ಕೊಡವನ್ನು ಎತ್ತಿ ಇಬ್ಬರ ಮೇಲೂ ಸುರಿದುಬಿಟ್ಟಳು. ಇರುವೆಗಳು ಕೊಚ್ಚಿಹೋದವು, ಅಷ್ಟು ಪುಣ್ಯ. ಅರಗು ಮಾತ್ರ ತಣ್ಣಗಾಗಿ ಕಲ್ಲಾಯಿತು. ಬೆಳ್ಳಿಯಪ್ಪನ ಸುತ್ತಿಗೆಗೂ ಜಗ್ಗದ ಕಲ್ಲು.

ಕೊಡ ಎತ್ತುವಾಗ ಪಾಪಮ್ಮನ ಸೊಂಟದ ಚೀಲದಿಂದ ಹೊಗೆಸೊಪ್ಪಿನ ಪೊಟ್ಟಣ ಬಿತ್ತು. ಸೊಪ್ಪು ಮುಗಿದಾಗೆಲ್ಲ ಅವಳು ಮತ್ತೆ ತುಂಬಿಸಿಕೊಳ್ಳುತ್ತಿದ್ದ ಅದೇ ಅರ್ಧ ಹಾಳೆ ನನ್ನ ಕಾಲ ಬಳಿ ಬಿಚ್ಚಿಕೊಂಡಿತು. ಎತ್ತಿ, ಎಲ್ಲರಿಗೂ ಕೇಳಿಸುವಂತೆ ಓದಿದೆ. "ಅರಗಿನಲ್ಲಿ ಮಾಡಿದ ವಸ್ತುಗಳನ್ನು ಬೆಂಕಿ, ಬಿಸಿನೀರು ಹಾಗೂ ಇಸ್ತ್ರಿಯಿಂದ ದೂರವಿಡತಕ್ಕದ್ದು."

ಹೊಟ್ಟೆಯ ಕಡೆಯಿಂದ ಭಾವ ನನಗೆ ಏನೋ ಹೇಳಿದರು. ಮಾತು ಸ್ಪಷ್ಟವಾಗಿರಲಿಲ್ಲ, ಆದರೆ ಅರ್ಥವಾಯಿತು. ಹಿರಿಯರು ಅಂದದ್ದನ್ನೆಲ್ಲ ಬರೆಯಬಾರದು.

ಸೇತುವೆಯ ಆಚೆ ಕಾರಿನ ಹಾರನ್ನು ಕೇಳಿಸಿತು.

"ಗುರುವಯ್ಯ!" ಎಂದು ಶೇಕ್ದಾರರು ಅರಚಿದರು.

ಗುರುವಯ್ಯ ಆಗಲೇ ಕತ್ತಿ ತೆರೆದು ನಿಂತಿದ್ದ. ತಿಂಗಳಿಂದ ಮಸೆದ ಕತ್ತಿ. "ಯಾವ ಕಡೆಯಿಂದ ತೆಗೀಲಿ ಸ್ವಾಮಿ?"

"ಕೋಟು ಮುಟ್ಟಬೇಡ! ಮುಖದ ಕಡೆಯಿಂದ ತೆಗಿ!"

ಎರಡೇ ಎಳೆತ. ಭಾವ ಹಿಂದಕ್ಕೆ, ಜಗಲಿಯಿಂದ ಕೆಸರಿಗೆ ಬಿದ್ದರು. ಶೇಕ್ದಾರರ ನಡುವಿನ ಗುಂಡಿಯ ಮೇಲೆ, ಎರಡು ತುದಿಯೂ ಮೇಲಕ್ಕೆ ಸೆಟೆದುಕೊಂಡು, ಮೀಸೆ ಇದ್ದ ಹಾಗೇ ನಿಂತಿತ್ತು. ಅಕ್ಕ ಗಂಡನ ಮುಖವನ್ನು ಹದಿನೆಂಟು ವರ್ಷದಲ್ಲಿ ಮೊದಲ ಸಲ ಪೂರ್ತಿ ನೋಡಿ, ಸೆರಗನ್ನು ಬಾಯಿಗಿಟ್ಟುಕೊಂಡಳು.

"ಅಯ್ಯೋ ಶಿವನೇ, ಥೇಟ್ ನಮ್ಮತ್ತೆ!"

ಜನ ಅಲ್ಲಿಯವರೆಗೆ ಹಿಡಿದಿದ್ದ ನಗುವನ್ನು ಬಿಟ್ಟುಬಿಟ್ಟರು. ನಗದವನು ಬೆಳ್ಳಿಯಪ್ಪ ಒಬ್ಬನೇ. ಮೇಸ್ತ್ರಿ ಸಿಡುಕನಿರಬಹುದು, ಲೆಕ್ಕದಲ್ಲಿ ಮಾತ್ರ ಮೋಸವಿಲ್ಲದ ಮನುಷ್ಯ. ಶೇಕ್ದಾರರ ಮುಂದೆ ನಿಂತು, ಬೆರಳಿಟ್ಟು, ಮೇಲಿನಿಂದ ಕೆಳಗೆ ಎಣಿಸಿದ. ಒಂದು, ಎರಡು, ಮೂರು, ನಾಲ್ಕು, ಐದು. ನಂಬದೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಎಣಿಸಿದ. ಆಮೇಲೆ ಜನರ ಕಡೆ ತಿರುಗಿದ.

"ಉದುರಲಿಲ್ಲ! ಬೆಂಕಿಗೆ ಉದುರಲಿಲ್ಲ, ನೀರಿಗೆ ಉದುರಲಿಲ್ಲ, ಕತ್ತಿಗೆ ಉದುರಲಿಲ್ಲ. ನಾನು ಸೋತೆ. ಷಡಕ್ಷರಿ ಗೆದ್ದ!" ಎಂದು, ಕೆಸರಿನಲ್ಲಿ ಕೂತಿದ್ದ ಭಾವನನ್ನು ಕೈಹಿಡಿದು ಎಬ್ಬಿಸಿದ. "ಏಳು ಮಾರಾಯ. ಗೆದ್ದೋನು ಹೀಗೆ ಕೂರ್ತಾನಾ? ಎಲ್ಲಿ, ತಿರುವು ಮೀಸೆ!"

ನಗು ನಿಂತಿತು. ಭಾವನ ಕೈ ತಾನಾಗಿಯೇ ಮೇಲೆದ್ದು ಮೂಗಿನ ಕೆಳಗೆ ಹೋಯಿತು. ಅಲ್ಲಿ ಬರಿಯ ತುಟಿ ಇತ್ತು, ಕೈ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಬೆಳ್ಳಿಯಪ್ಪ ನಾಲಿಗೆ ಕಚ್ಚಿಕೊಂಡ. ಅಕ್ಕ ಮುಖ ತಿರುಗಿಸಿದಳು. ಅಮಲ್ದಾರರ ಕಾರು ಕೆಸರು ಹಾರಿಸುತ್ತಾ ಬಂದು ಅಂಗಡಿಯ ಮುಂದೆಯೇ ನಿಂತಿತು, ಶೇಕ್ದಾರರು ಮಣೆ ಕಟ್ಟಿದ ಹೊಟ್ಟೆಯನ್ನು ಮುಂದೊಡ್ಡಿ ನೆಟ್ಟಗೆ ನಿಂತು ಸಲಾಮು ಹೊಡೆದರು.

ಆಗ ನಮ್ಮ ಭಾವ ಮೈಯ ಕೆಸರು ಕೊಡವಿಕೊಂಡು, ತಲೆಯೆತ್ತಿ, ನಾಲ್ಕು ಹೆಜ್ಜೆ ನಡೆದು ಬಂದರು. ಕಾರಿನ ಬಾಗಿಲು ತೆರೆದು ಅಮಲ್ದಾರರು ಒಂದು ಕಾಲನ್ನು ಕೆಳಗಿಡುತ್ತಿದ್ದ ಹಾಗೆಯೇ, ಶೇಕ್ದಾರರ ಹೊಟ್ಟೆಯ ಮುಂದೆ ಬಾಗಿ, ನಡುವಿನ ಗುಂಡಿಯ ಮೇಲಿದ್ದ ಮೀಸೆಯನ್ನು ಬಲಕ್ಕೊಂದು ಸಲ, ಎಡಕ್ಕೊಂದು ಸಲ ತಿರುವಿದರು.